ಕಥೆಗೆ ಹೂಂ ಅನ್ನುವವರು

ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರನ್ನು ಯಾರ ಹೆಸರಿನ ಮೇಲೆ ಅಚ್ಚು ಹಾಕಿಸಬೇಕೆಂಬುದು ಒಂದು ಶಾಸ್ತ್ರ. ಅದಕ್ಕೆ ಈವರೆಗೆ ಯಾರೂ ಭಾಷ್ಯ ಬರೆದಿಲ್ಲವಾದ್ದರಿಂದ ಬಲ್ಲವರು ನನ್ನಂಥ ಕೆಲವು ಕಾರ್ಯದರ್ಶಿಗಳು ಮಾತ್ರ, ಮತ್ತು ನಾವು ಅದನ್ನು ಕಲಿತದ್ದು ಗುರುಮುಖದಿಂದಲ್ಲ, ಗಣ್ಯರ ಗಂಟುಮುಖದಿಂದ. ಉದ್ಘಾಟಕರ ಹೆಸರು ಅಧ್ಯಕ್ಷರ ಹೆಸರಿಗಿಂತ ದಪ್ಪವಾದರೆ ಅಧ್ಯಕ್ಷರ ಮುಖ ಸಣ್ಣದಾಗುತ್ತದೆ. ಇಬ್ಬರ ಹೆಸರೂ ಒಂದೇ ಗಾತ್ರದಲ್ಲಿದ್ದರೆ ಇಬ್ಬರ ಮುಖವೂ ಸಣ್ಣದಾಗುತ್ತದೆ. ‘ಗೌರವ ಉಪಸ್ಥಿತಿ’ ಎಂಬ ಶೀರ್ಷಿಕೆಯ ಕೆಳಗೆ ಸೇರಿಸಿದವರು ಉಪಸ್ಥಿತರಾಗುವುದಿಲ್ಲ. ಸೇರಿಸದೆ ಬಿಟ್ಟವರು ತಪ್ಪದೆ ಬಂದು, ಮುಂದಿನ ಸಾಲಿನಲ್ಲಿ ಕುಳಿತು, ಪತ್ರಿಕೆಯ ಉದ್ದಗಲಕ್ಕೂ ಬೆರಳಾಡಿಸುತ್ತ ತಮ್ಮ ಅನುಪಸ್ಥಿತಿಯನ್ನು ಓದಿಕೊಳ್ಳುತ್ತಾರೆ. ಹೀಗೆ ಸ್ವಾಗತದವರು, ಪ್ರಾಸ್ತಾವಿಕದವರು, ಆಶಯ ನುಡಿಯವರು, ದೀಪ ಬೆಳಗಿಸುವವರು, ಬೆಳಗಿಸುವಾಗ ಪಕ್ಕದಲ್ಲಿ ನಿಲ್ಲುವವರು ಎಲ್ಲರೂ ತಮ್ಮ ತಮ್ಮ ಸ್ಥಾನ ಹಿಡಿದ ಮೇಲೆ, ಕಾಗದದ ತುದಿಯಲ್ಲಿ ವಂದನಾರ್ಪಣೆಯ ಕೆಳಗೆ ಒಂದಿಷ್ಟು ಜಾಗ ಉಳಿದರೆ, ಕನ್ನಡಕ ಹಾಕಿಕೊಂಡರೆ ಕಾಣುವ ಅಕ್ಷರಗಳಲ್ಲಿ ಹೀಗೆ ಇರುತ್ತದೆ: ‘ಕಥೆ ಹೇಳುವವರು’.

ಸಭೆ ಇರುವುದು ಕಥೆಗಾಗಿಯೇ ಎಂಬುದನ್ನು ಇಲ್ಲಿ ತಿಳಿಸಿಬಿಡಬೇಕು. ಬಸವಕಲ್ಯಾಣ ಮತ್ತು ಹುಮನಾಬಾದ್ ಎರಡೂ ತಾಲ್ಲೂಕುಗಳ ಕೆಲವು ಮಂದಿ ಸೇರಿ ಕಟ್ಟಿಕೊಂಡ ಒಂದು ಕಥಾ ಬಳಗ ನಮ್ಮದು. ಪುಸ್ತಕದ ಕಥೆಯಲ್ಲ, ಬಾಯಿಯ ಕಥೆ. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ, ಮತ್ತು ವರ್ಷಕ್ಕೊಮ್ಮೆ ದೊಡ್ಡ ಸಮಾವೇಶ. ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಸಾಲಿಗಿಟ್ಟು ಕುಳಿತ ಹೆಂಗಸರು, ಕಟ್ಟೆಯ ಮೇಲೆ ಭಜನೆ ಮುಗಿಸಿ ಏಳಲು ಮನಸ್ಸಿಲ್ಲದ ಗಂಡಸರು, ಕುರಿಹಟ್ಟಿಯಲ್ಲಿ ಕಂಬಳಿ ಹೊದ್ದವರು ಹಿಂದೆಲ್ಲ ಹೇಳುತ್ತಿದ್ದ ಕಥೆಗಳು ಹೇಳುವವರೊಂದಿಗೇ ಹೋಗಿಬಿಡುತ್ತಿವೆ ಎಂಬ ಕಳವಳದಿಂದ ಇದನ್ನು ಶುರು ಮಾಡಿದೆವು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾಗಿದ್ದ ನನ್ನನ್ನು ಕಾರ್ಯದರ್ಶಿಯನ್ನಾಗಿ ಮಾಡಿದರು. ಕಾರ್ಯದರ್ಶಿ ಎಂದರೆ ಕಾರ್ಯವನ್ನು ದರ್ಶಿಸುವವನು ಎಂಬ ಸುಖದ ವ್ಯುತ್ಪತ್ತಿಯನ್ನು ನಂಬಿ ಒಪ್ಪಿಕೊಂಡೆ. ಆಮೇಲೆ ತಿಳಿದದ್ದು, ಉಳಿದವರೆಲ್ಲ ದರ್ಶನ ಕೊಡುವವರು, ಕಾರ್ಯ ಮಾತ್ರ ನನ್ನದು. ಕುರ್ಚಿ ಹೊಂದಿಸುವುದು, ಮೈಕಿನವನನ್ನು ಹುಡುಕುವುದು, ಬರುತ್ತೇನೆಂದವರು ಯಾಕೆ ಬರಲಿಲ್ಲವೆಂದು ಕೇಳುವುದು, ಬಂದವರಿಗೆ ಯಾಕೆ ಮಾತು ಕೊಡಲಿಲ್ಲವೆಂದು ಕ್ಷಮೆ ಕೇಳುವುದು. ಇಷ್ಟು ವರ್ಷಗಳಾದ ಮೇಲೆ ಕಥೆ ಎಂಬ ಶಬ್ದ ಕಿವಿಗೆ ಬಿದ್ದರೆ ನನ್ನ ಬೆನ್ನಿನ ಕೆಳಭಾಗದಲ್ಲಿ ಒಂದು ನೋವು ಎದ್ದು ಕೂರುತ್ತದೆ. ಅದನ್ನು ವೈದ್ಯರಿಗೆ ತೋರಿಸಿದೆ. ಅವರು ಮುಂದಿನ ಸಮಾವೇಶಕ್ಕೆ ತಮ್ಮನ್ನು ಅತಿಥಿಯಾಗಿ ಕರೆಯುವಿರಾ ಎಂದು ಕೇಳಿದರು.

ಒಮ್ಮೆ ಶಾಲಾಮಕ್ಕಳಿಗೆ ಕಥೆ ಹೇಳುವ ಸ್ಪರ್ಧೆ ಇಟ್ಟಿದ್ದೆವು. ಮೂರು ನಿಮಿಷಕ್ಕೆ ಗಂಟೆ. ಒಬ್ಬಳು ಹುಡುಗಿ ಬಹಳ ಚೆನ್ನಾಗಿ ಹೇಳುತ್ತಿದ್ದಳು. ಹುಲಿ ಬಾಯಿ ತೆರೆಯಿತು ಎನ್ನುವಷ್ಟರಲ್ಲಿ ನಾನು ಗಂಟೆ ಬಾರಿಸಿದೆ. ಅವಳು ಶಿಸ್ತಿನ ಮಗು, ನಮಸ್ಕಾರ ಮಾಡಿ ಇಳಿದುಹೋದಳು. ಮೊದಲ ಬಹುಮಾನವನ್ನೂ ಕೊಟ್ಟೆವು. ಹುಲಿ ಬಾಯಿ ತೆರೆದುಕೊಂಡೇ ಉಳಿಯಿತು. ನೀವೂ ಇಂಥ ಸಭೆಗಳಲ್ಲಿ ಕುಳಿತು ಬಂದವರಾಗಿದ್ದರೆ ಆ ಹುಲಿಯ ದಣಿವು ನಿಮಗೆ ಅರ್ಥವಾದೀತು.

ಕಾಶಮ್ಮನನ್ನು ಕಂಡುಹಿಡಿದವರು ನಮ್ಮ ಬಳಗದ ಅಧ್ಯಕ್ಷರಾದ ಶಿವರಾಜಪ್ಪನವರು. ಹುಮನಾಬಾದಿನಲ್ಲಿ ಅವರದು ಬಟ್ಟೆ ಅಂಗಡಿ, ಮನುಷ್ಯ ಸಜ್ಜನ, ಗಿರಾಕಿ ಏನು ಹೇಳಿದರೂ ಹೂಂ ಹೂಂ ಎನ್ನುತ್ತ ಕೇಳುವ ತಾಳ್ಮೆ ಅವರ ವೃತ್ತಿಗುಣ. ಘಾಟಬೋರಾಳದಿಂದ ಮೊಮ್ಮಗಳ ಮದುವೆಯ ಸೀರೆಗೆಂದು ಬಂದ ಒಬ್ಬ ಮುದುಕಿ, ಒಂದು ಸೀರೆಯ ಅಂಚು ನೋಡಿ ಏನೋ ನೆನಪಾಗಿ ಕಥೆ ಶುರು ಮಾಡಿದಳಂತೆ; ಮುಗಿಯುವಷ್ಟರಲ್ಲಿ ಅಂಗಡಿಯ ಗಿರಾಕಿಗಳೆಲ್ಲ ಗಾದಿಯ ಮೇಲೆ ಕುಳಿತುಬಿಟ್ಟಿದ್ದರಂತೆ. “ಮಾಸ್ತರ್, ಕಥಿ ಅಂದ್ರ ಆಕೀ ಹೇಳ್ಬೇಕ್ರಿ. ಈ ಸಲ ಕಲ್ಯಾಣದ ಸಮಾವೇಶಕ್ಕ ಆಕೀನ ಕರೀರಿ,” ಎಂದರು. ಕುರಿ ಕಾಯುವ ಮನೆತನದ ಹೆಂಗಸು, ಇಬ್ಬರು ಮಕ್ಕಳು ಈಗಲೂ ಕುರಿಯ ಹಿಂದೆಯೇ ಇದ್ದಾರೆ ಎಂದು ತಿಳಿಯಿತು. ನಾನು ಹೋಗಿ ಕರೆದೆ. ಆಕೆ ಒಪ್ಪಿದಳು. ಪತ್ರಿಕೆಯ ತುದಿಯಲ್ಲಿ ಆಕೆಯ ಹೆಸರು ಅಚ್ಚಾಯಿತು.

ಸಮಾವೇಶ ಬಸವಕಲ್ಯಾಣದಲ್ಲಿ ಹತ್ತು ಗಂಟೆಗೆ ಎಂದು ಬರೆದಿದ್ದೆವು. ಕಾಶಮ್ಮ ಅದನ್ನು ನಿಜವೆಂದು ತಿಳಿದು ಮೊದಲ ಬಸ್ಸಿಗೇ ಬಂದು, ಇನ್ನೂ ಕಸ ಹೊಡೆಯುತ್ತಿದ್ದ ಸಭಾಂಗಣದ ಕಂಬವೊಂದಕ್ಕೆ ಒರಗಿ ಕುಳಿತಿದ್ದಳು. ದೀಪ ಬೆಳಗುವಾಗ ಹನ್ನೆರಡಾಗಿತ್ತು. ಆಮೇಲೆ ಒಬ್ಬರಾದ ಮೇಲೊಬ್ಬರು ಎದ್ದು ಕಥೆ ಹೇಳುವ ಕಲೆ ನಶಿಸುತ್ತಿದೆ ಎಂದು ವಿಷಾದಪಟ್ಟರು. ಒಬ್ಬರು ಅದಕ್ಕೆ ದೂರದರ್ಶನ ಕಾರಣವೆಂದರು, ಒಬ್ಬರು ಮೊಬೈಲು ಎಂದರು, ಮೂರನೆಯವರು ತಾಯಂದಿರು ಎಂದರು. ಕಥೆ ಹೇಳುವವರಿಗೆ ಯಾರೂ ಅವಕಾಶ ಕೊಡುತ್ತಿಲ್ಲವೆಂದು ಮುಕ್ಕಾಲು ಗಂಟೆ ಮಾತಾಡಿದವರು ಕಾಶಮ್ಮನ ಮುಂದೆಯೇ ನಡೆದು ಕಾರು ಹತ್ತಿದರು. ಮೂರು ಗಂಟೆ ದಾಟಿದಾಗ ಉಪ್ಪಿಟ್ಟಿನ ವಾಸನೆ ಒಳಗೆ ಬಂತು, ಜನ ಕುರ್ಚಿಯಲ್ಲಿ ಕದಲತೊಡಗಿದರು. ನಿರೂಪಣೆ ಮಾಡುತ್ತಿದ್ದವನು ನಾನೇ. “ಸಮಯದ ಅಭಾವದಿಂದ ಐದೇ ನಿಮಿಷದಲ್ಲಿ ಕಾಶಮ್ಮನವರು ಒಂದು ಕಥೆ ಹೇಳುತ್ತಾರೆ,” ಎಂದೆ. ಆ ಅಭಾವವನ್ನು ಉಂಟುಮಾಡಿದವರ ಪಟ್ಟಿಯನ್ನು ಅಚ್ಚು ಹಾಕಿಸಿದವನೂ ನಾನೇ ಎಂಬುದು ಆಗ ಹೊಳೆಯಲಿಲ್ಲ.

ಕಾಶಮ್ಮ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು. “ಒಂದೂರಾಗ ಒಬ್ಬ ಕುರುಬ ಇದ್ದ,” ಎಂದು ನಿಲ್ಲಿಸಿದಳು. ಸಭೆಯನ್ನು ನೋಡಿದಳು. ಸಭೆ ಅವಳನ್ನು ನೋಡಿತು. “ಅವಗ ನೂರು ಕುರಿ ಇದ್ದವು,” ಎಂದು ಮತ್ತೆ ನಿಲ್ಲಿಸಿದಳು. ಮುಂದುವರಿಸಿ ಎಂದು ನಾನು ಕೈಸನ್ನೆ ಮಾಡಿದೆ. ಅವಳು ನನ್ನನ್ನು ನೋಡಲಿಲ್ಲ, ಯಾರನ್ನೋ ಹುಡುಕುವವಳಂತೆ ಎಡಕ್ಕೂ ಬಲಕ್ಕೂ ಮುಖ ತಿರುಗಿಸಿ, ಮೊದಲಿನ ಮಾತನ್ನೇ ಇನ್ನೊಮ್ಮೆ ಹೇಳಿದಳು: “ಒಂದೂರಾಗ ಒಬ್ಬ ಕುರುಬ ಇದ್ದ.” ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಇಂಥ ಇಕ್ಕಟ್ಟುಗಳನ್ನು ನಿಭಾಯಿಸುವುದರಲ್ಲಿ ನುರಿತವನು. ಸರಸರ ಹೋಗಿ ಮೈಕು ತೆಗೆದುಕೊಂಡು, “ವಯಸ್ಸಿನ ಕಾರಣದಿಂದ ಅಜ್ಜಿಯವರಿಗೆ ಕಥೆ ಮರೆತಂತಿದೆ. ಅವರ ಉತ್ಸಾಹಕ್ಕೆ ಒಂದು ಚಪ್ಪಾಳೆ,” ಎಂದೆ. ಚಪ್ಪಾಳೆ ಬಿತ್ತು. ಶಿವರಾಜಪ್ಪನವರು ಶಾಲು ಹೊದಿಸಿದರು. ಕಾಶಮ್ಮ ನನ್ನ ಮುಖವನ್ನು ಒಂದು ಸಲ ನೋಡಿ, ವೇದಿಕೆ ಇಳಿದು ಹೋದಳು. ಎಲ್ಲರೂ ಉಪ್ಪಿಟ್ಟಿಗೆ ಎದ್ದರು.

ಸಭಾಂಗಣ ಖಾಲಿಯಾದ ಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಗ ಬಾಗಿಲ ಬಳಿಯ ಕುರ್ಚಿಯ ಮೇಲೆ ಆ ಶಾಲು ಕಂಡಿತು. ನಾಲ್ಕು ಮಡಿಕೆ ಹಾಕಿ, ಅಂಚಿಗೆ ಅಂಚು ಸೇರಿಸಿ ಇಟ್ಟಿದ್ದಳು. ಮರೆತುಹೋದ ವಸ್ತುವನ್ನು ಯಾರೂ ಅಷ್ಟು ಅಚ್ಚುಕಟ್ಟಾಗಿ ಮಡಿಸಿರುವುದಿಲ್ಲ. ಆ ದಿನದ ಒಟ್ಟು ಆಯಾಸ ಆಗ ನನ್ನನ್ನು ಹಿಡಿಯಿತು. ಆ ವಾರವೇ ಬಳಗಕ್ಕೆ ರಾಜೀನಾಮೆ ಕೊಡುವುದೆಂದು ನಿರ್ಧರಿಸಿದೆ, ಕಾಗದವನ್ನೂ ಬರೆದೆ, ಬರೆದದ್ದನ್ನು ಓದಿ ನೋಡಿದರೆ ಅದೂ ವಂದನಾರ್ಪಣೆಯಂತೆಯೇ ಇತ್ತು. ಕೊಡುವ ಮೊದಲು ಶಾಲನ್ನು ಅದರ ಒಡತಿಗೆ ಮುಟ್ಟಿಸಿಬಿಡೋಣ, ಅಲ್ಲಿಗೆ ನನ್ನ ಕಾರ್ಯದ ದರ್ಶನ ಮುಗಿಯಲಿ ಎಂದುಕೊಂಡು ಘಾಟಬೋರಾಳದ ಬಸ್ಸು ಹತ್ತಿದೆ.

ಕಾಶಮ್ಮ ಮನೆಯ ಮುಂದೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದಳು. ನಾನು ಚೀಲದಿಂದ ಶಾಲು ತೆಗೆದೆ. “ಸಭಾದಾಗ ಬಿಟ್ಟು ಬಂದಿದ್ರಿ ಅವ್ವಾರ. ಕೊಟ್ಟು ಹೋಗೂನಂತ ಬಂದೆ.”

“ಬಿಟ್ಟು ಬಂದಿಲ್ರಿ. ಇಟ್ಟು ಬಂದೀನಿ,” ಎಂದಳು ತಲೆ ಎತ್ತದೆ.

ಎರಡು ಕ್ರಿಯಾಪದಗಳ ನಡುವಿನ ಅಂತರವನ್ನು ಇಷ್ಟು ಸ್ಪಷ್ಟವಾಗಿ ನಾನು ತರಗತಿಯಲ್ಲಿ ಎಂದೂ ವಿವರಿಸಿರಲಿಲ್ಲ. ಶಾಲನ್ನು ಮತ್ತೆ ಚೀಲಕ್ಕೆ ಹಾಕಿದೆ. ಆಕೆಯೇ, “ಕುಂಡ್ರಿ, ಬಸ್ಸಿಗಿ ಇನ್ನಾ ಟೈಮ್ ಅದ,” ಎಂದು ಪಕ್ಕದ ಹೊರಸು ತೋರಿಸಿ, ಕಲ್ಲೊಂದನ್ನು ಆರಿಸಿ ಎಸೆದು ಹೇಳಿದಳು: “ನನಗ ಮರ್ತದ ಅಂತ ಅಷ್ಟು ಮಂದಿ ಮುಂದ ಅಂದ್ರಿ ಮಾಸ್ತರ್. ನನಗೇನೂ ಮರ್ತಿದ್ದಿಲ್ಲ. ನೀವು ಯಾರೂ ಹೂಂ ಅನ್ನಲಿಲ್ಲ.”

ನನಗೆ ಅರ್ಥವಾಗಲಿಲ್ಲ.

“ಒಂದೂರಾಗ ಒಬ್ಬ ಕುರುಬ ಇದ್ದ ಅಂದೆ. ಇದ್ದ, ಖರೇ ಅದ, ಅಂತ ಯಾರರ ಒಬ್ಬರು ಹೂಂ ಅನ್ನಬೇಕಲ್ರಿ. ಅಂದ್ರ ಅವ ಇರ್ತಾನ. ಯಾರೂ ಅನ್ನಲಿಲ್ಲಂದ್ರ ಅವ ಇಲ್ಲೇ ಇಲ್ಲ. ಇಲ್ಲದವನಿಗಿ ನೂರು ಕುರಿ ಎಲ್ಲಿಂದ ತರ್ಲಿ ನಾ?”

ಅಲಂಕಾರಶಾಸ್ತ್ರವನ್ನು ನಿವೃತ್ತಿಯವರೆಗೆ ಪಾಠ ಮಾಡಿದ ನನಗೆ ಹೂಂಕಾರವೆಂಬ ಈ ಒಂದು ಕಾರದ ಪರಿಚಯವೇ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಬೇಮಳಖೇಡದ ನಮ್ಮ ಮನೆಯಲ್ಲಿ ಅವ್ವ ಕಥೆ ಹೇಳುವಾಗ ನಾವು ಮಕ್ಕಳು ಸರದಿಯಂತೆ ಹೂಂ ಅನ್ನುತ್ತಿದ್ದೆವು. ಒಬ್ಬನ ದನಿ ತೂಕಡಿಕೆಯಲ್ಲಿ ಕರಗಿದರೆ ಅವ್ವ ಅಲ್ಲಿಗೇ ನಿಲ್ಲಿಸಿ ಮುಂದಿನವನನ್ನು ಚಿವುಟುತ್ತಿದ್ದಳು. ನಾನದನ್ನು ಮಕ್ಕಳನ್ನು ಎಚ್ಚರವಿಡುವ ಉಪಾಯವೆಂದು ತಿಳಿದಿದ್ದೆ. ಕಥೆ ಉಳಿಸಲೆಂದು ಮೈಕು, ಬ್ಯಾನರು, ಹಾರ, ಹಣ್ಣು ಎಲ್ಲವನ್ನೂ ವರ್ಷಗಟ್ಟಲೆ ಹೊಂದಿಸಿದವನಿಗೆ ಒಬ್ಬ ಮನುಷ್ಯನ ಒಂದು ಹೂಂ ಅನ್ನು ಹೊಂದಿಸಬೇಕೆಂದು ತೋಚಿರಲಿಲ್ಲ. ಶಿವರಾಜಪ್ಪನವರ ಅಂಗಡಿಯಲ್ಲಿ ಆಕೆಗೆ ಕಥೆ ಯಾಕೆ ಬಂತು, ನಮ್ಮ ಸಭೆಯಲ್ಲಿ ಯಾಕೆ ಬರಲಿಲ್ಲ ಎಂಬುದೂ ಆಗ ತಿಳಿಯಿತು.

“ತಪ್ಪಾಯ್ತು ಅವ್ವಾರ. ಈಗ ಹೇಳ್ರಿ, ನಾ ಹೂಂ ಅಂತೀನಿ,” ಎಂದೆ.

ಆಕೆ ನನ್ನನ್ನು ಪರೀಕ್ಷಿಸುವಂತೆ ನೋಡಿ ಶುರು ಮಾಡಿದಳು. ಕುರುಬ ಇದ್ದ, ಹೂಂ. ನೂರು ಕುರಿ ಇದ್ದವು, ಹೂಂ. ನಾಲ್ಕನೆಯ ಹೂಂ ಆಗುವಷ್ಟರಲ್ಲಿ ನಿಲ್ಲಿಸಿಬಿಟ್ಟಳು. “ಆಗಂಗಿಲ್ರಿ. ನೀವು ಮಾಸ್ತರು. ನಿಮ್ಮ ಹೂಂ ಅಂದ್ರ ಮುಂದಿನ ಸಾಲು ಓದು ಅಂದಂಗ ಇರ್ತದ.” ನನ್ನ ಮುಖ ಪೆಚ್ಚಾದದ್ದು ಕಂಡು ಆಕೆಗೆ ಮೊದಲ ಸಲ ನಗೆ ಬಂತು. “ಸಣ್ಣ ಕಥಿಗಿ ಯಾರ ಹೂಂ ಆದ್ರೂ ನಡೀತದ. ಈ ಕಥಿ ದೊಡ್ಡದು. ಇದಕ್ಕ ನಮ್ಮ ಮಾಳಿನೇ ಬೇಕು.”

ಮಾಳಿ ಎಂದರೆ ಮಾಳಮ್ಮ, ಕಾಶಮ್ಮನ ಮೈದುನನ ಹೆಂಡತಿ, ನೆಗೆಣ್ಣಿ. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಒಲೆಯ ಮುಂದೆ ಕುಳಿತವರು. ಕಾಶಮ್ಮ ಹೇಳುವುದು, ಮಾಳಮ್ಮ ಹೂಂ ಅನ್ನುವುದು. ಊರಿನ ಮಕ್ಕಳೆಲ್ಲ ಅವರ ಅಂಗಳದಲ್ಲಿರುತ್ತಿದ್ದರಂತೆ. ಆಕೆ ಈಗ ಎಲ್ಲಿ ಎಂದು ಕೇಳಿದೆ.

“ನಿರ್ಣಾದಾಗ ಮಗಳ ಮನ್ಯಾಗ ಅದಾಳ. ನಮ್ಮಿಬ್ಬರಿಗಿ ಮಾತಿಲ್ಲ.” ಮೊರವನ್ನು ಒಮ್ಮೆ ಕೇರಿದಳು. “ಒಂದು ಮಾತು ಅಂದೆ. ಅನ್ನಬಾರದಿತ್ತು. ಆ ವರ್ಷಾನೇ ಅಣ್ಣ ತಮ್ಮರು ಬ್ಯಾರೆ ಆದ್ರು, ಅವರು ಕುರಿ ಹೊಡ್ಕೊಂಡು ಆಕಡೆ ಹೋದ್ರು. ಆಕಿ ಗಂಡ ಸತ್ತಾಗ ಹೋದೆ. ನನ್ನ ಗಂಡ ಸತ್ತಾಗ ಆಕಿ ಬಂದ್ಳು. ಮಾರಿ ನೋಡಿಕೊಂಡು ಅತ್ತೀವಿ. ಮಾತಾಡಿಲ್ಲ.” ಅಂದ ಮಾತು ಯಾವುದು ಎಂಬುದನ್ನು ಆಕೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ರಾಜೀನಾಮೆ ಬರೆದಿಟ್ಟವನು ಅಲ್ಲಿಗೆ ಎದ್ದು ಮನೆಗೆ ಹೋಗಬೇಕಿತ್ತು. ಆದರೆ ದಣಿದ ಎತ್ತಿಗೆ ನೊಗ ಇಳಿಸಿದ ಮೇಲೂ ಗಾಣದ ಸುತ್ತ ಸುತ್ತುವ ಚಾಳಿ ಉಳಿಯುವಂತೆ, ಯಾರನ್ನಾದರೂ ಯಾವುದಾದರೂ ಸಭೆಗೆ ಕರೆಯದೆ ನನಗೆ ಬದುಕು ಸಾಗುವುದಿಲ್ಲ. ನಾಲ್ಕು ದಿನ ಬಿಟ್ಟು ನಿರ್ಣಾಕ್ಕೆ ಹೋದೆ.

ಮಾಳಮ್ಮನ ಮಗಳು ಸುನೀತಾ ಅಲ್ಲಿ ಅಂಗನವಾಡಿ ಕಾರ್ಯಕರ್ತೆ. ನಾನು ಹೋದಾಗ ಮಧ್ಯಾಹ್ನ ಮಕ್ಕಳನ್ನು ಮನೆಗೆ ಕಳಿಸಿ ಬಂದು ಚಹಾಕ್ಕೆ ಇಟ್ಟಿದ್ದಳು. ಮಾಳಮ್ಮ ಎರಡು ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಬಂದ ಕಾರಣ ಹೇಳಿದೆ. ಆಕೆ ಸೊಪ್ಪು ಕಟ್ಟುವುದನ್ನು ಮುಗಿಸಿ, ಕೈ ತೊಳೆದು, ಹೊಸ್ತಿಲ ಮೇಲೆ ಕುಳಿತಳು.

“ಏನಂದ್ಳು ಅಂತ ಆಕಿ ಹೇಳಿದ್ಳೇನ್ರಿ?”

“ಇಲ್ರಿ. ಅನ್ನಬಾರದಿತ್ತು ಅಂತ ಅಷ್ಟೇ ಅಂದ್ರು.”

“ಹಂಗಂದ್ಳಾ,” ಎಂದಳು. ಆಮೇಲೆ ತಾನೇ ಹೇಳಿದಳು. ಆ ದಿನ ಮುಂಜಾನೆಯಿಂದ ಸಂಜೆಯ ತನಕ ಕುರಿಯ ಹಿಂದೆ ನಡೆದು ಬಂದಿದ್ದಳಂತೆ. ಉಂಡು ಕುಳಿತಾಗ ಕಾಶಮ್ಮ ಈ ದೊಡ್ಡ ಕಥೆ ಶುರು ಮಾಡಿದಳು. ಅಂಗಳದ ತುಂಬ ಮಕ್ಕಳು. ನಡುವೆ ಮಾಳಮ್ಮನಿಗೆ ಕಣ್ಣು ಹತ್ತಿತು, ಹೂಂ ನಿಂತಿತು. ಕಾಶಮ್ಮನಿಗೆ ಸಿಟ್ಟು ಬಂತು. “ಗಂಡು ಹಡದಿದ್ರ ನಿದ್ದಿ ಬರ್ತಿದ್ದಿಲ್ಲ. ಹೆಣ್ಣು ಹಡದು ಕುಂತಾಕಿಗಿ ಕಥಿ ಯಾತಕ್ಕ ಅಂದ್ಳು. ನನಗೊಬ್ಬಾಕಿಗಿ ಅಂದಿದ್ರ ನುಂಗ್ತಿದ್ದೆ ಮಾಸ್ತರ್. ಈಕಿ ನನ್ನ ಬಗಲಾಗೇ ಕುಂತಿದ್ಳು. ಏಳು ವರ್ಷದ ಕೂಸು. ಕೇಳ್ತು.”

ಸುನೀತಾ ಚಹಾದ ಕಪ್ಪು ತಂದು ನನ್ನ ಮುಂದಿಟ್ಟಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಆ ಮಾತು ಅವಳ ಒಳಗೆ ಎಂದೋ ಹೋಗಿ ಕುಳಿತಿತ್ತು. ಕಥೆ ಉಳಿಸುವ ಘನಕಾರ್ಯದ ಹೆಸರಿನಲ್ಲಿ ಯಾರದೋ ಹಳೆಯ ಗಾಯದ ಮೇಲಿನ ಹಕ್ಕಳೆ ಕಿತ್ತೆನೆಂದು ನಾಚಿಕೆಯಾಯಿತು. ಚಹಾ ಕುಡಿದು ಏಳುವುದರಲ್ಲಿದ್ದೆ.

“ಹೋಗವ್ವ,” ಎಂದಳು ಸುನೀತಾ.

ಮಾಳಮ್ಮ ತಿರುಗಿ ನೋಡಿದಳು.

“ಆ ಕಥಿ ಅವತ್ತು ಅರ್ಧಕ್ಕೇ ನಿಂತದ. ಆ ಹುಡುಗಿ ನೀರು ತರಾಕ ಹೊಂಟಿದ್ಳು. ಏಳು ಗುಡ್ಡ ದಾಟಿದ್ಳೋ ಇಲ್ಲೋ, ನನಗ ಇನ್ನಾತನ ಗೊತ್ತಿಲ್ಲ. ನಿನಗ ಎಷ್ಟು ಸಲ ಕೇಳೀನಿ, ನೀ ಹೇಳಲಿಲ್ಲ.”

“ನನಗ ಎಲ್ಲಿ ಹೇಳಾಕ ಬರ್ತದ? ನಾ ಹೂಂ ಅನ್ನಾಕಿ. ಹೇಳಾಕಿ ಅಕ್ಕ,” ಎಂದಳು ಮಾಳಮ್ಮ. ಇಷ್ಟು ವರ್ಷ ಮಾತು ಬಿಟ್ಟವಳು ಅಕ್ಕ ಎನ್ನುವುದನ್ನು ಬಿಟ್ಟಿರಲಿಲ್ಲ. ಆಮೇಲೆ ನನ್ನತ್ತ ತಿರುಗಿ ಕರಾರು ಹೇಳಿದಳು: “ಬರ್ತೀನ್ರಿ. ಆದ್ರ ಆಕಿ ಕೂಡ ಮಾತಾಡಂಗಿಲ್ಲ. ಹೂಂ ಅಂತೀನಿ, ಅಷ್ಟೇ. ಹೂಂ ಅಂದ್ರ ಮಾತಲ್ಲ.”

ಹೂಂ ಮಾತೋ ಅಲ್ಲವೋ ಎಂಬುದನ್ನು ವೈಯಾಕರಣಿಗಳು ತೀರ್ಮಾನಿಸಲಿ. ನಾನಂತೂ ಅಲ್ಲವೆಂದು ಕೂಡಲೇ ಒಪ್ಪಿಕೊಂಡೆ.

ಮುಂದಿನ ತಿಂಗಳ ಸರದಿ ಹುಮನಾಬಾದಿನದು. ಆಮಂತ್ರಣ ಪತ್ರಿಕೆ ಬೇಡ, ಅತಿಥಿಗಳು ಬೇಡ, ದೀಪವೂ ಬೇಡ ಎಂದು ಶಿವರಾಜಪ್ಪನವರಿಗೆ ಹೇಳಿದೆ. ದೀಪ ಬೇಡವೆಂದದ್ದರಿಂದ ಅವರಿಗೆ ಸ್ವಲ್ಪ ನೋವಾಯಿತು, “ಒಂದು ಊದಿನಕಡ್ಡಿ ಹಚ್ಚಲೇನ್ರಿ?” ಎಂದರು. ಹಚ್ಚಿ ಎಂದೆ. ಭಾನುವಾರ ಮಧ್ಯಾಹ್ನ ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಗಾದಿ ಹಾಸಿದರು. ಒಂದು ಗೋಡೆಗೆ ಬಟ್ಟೆಯ ಗಂಟುಗಳು, ಇನ್ನೊಂದರಲ್ಲಿ ರಸ್ತೆಯ ಕಡೆಗೆ ಕಿಟಕಿ. ಬಂದವರು ಕೋಣೆ ಅರ್ಧ ತುಂಬುವಷ್ಟು ಮಂದಿ. ಭಾಷಣ ಮಾಡಬಲ್ಲವರೂ ಒಬ್ಬಿಬ್ಬರು ಇದ್ದರು. ಅವರ ಪಕ್ಕದಲ್ಲಿ ನಾನೇ ಕುಳಿತೆ.

ಕಾಶಮ್ಮ ಮೊದಲು ಬಂದಳು. ಅರ್ಧ ಗಂಟೆಯ ಮೇಲೆ ಮಾಳಮ್ಮ ಮಗಳ ಜೊತೆಗೆ ಮೆಟ್ಟಿಲು ಹತ್ತಿ ಬಂದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಗೆ ಬಂದು, ಕಾಶಮ್ಮನ ಬೆನ್ನಿನ ಕಡೆಗೆ ಎರಡು ಮಾರು ದೂರದಲ್ಲಿ ಕುಳಿತಳು. ಒಬ್ಬಳ ಮುಖ ಕಿಟಕಿಗೆ, ಇನ್ನೊಬ್ಬಳದು ಬಟ್ಟೆಯ ಗಂಟುಗಳಿಗೆ. ಸುನೀತಾ ಇಬ್ಬರೂ ಕಾಣುವಂತೆ ಗೋಡೆಗೆ ಒರಗಿದಳು. ಯಾರಿಗೂ ಯಾರನ್ನೂ ಪರಿಚಯಿಸುವ ಕೆಲಸವಿಲ್ಲದೆ ನನ್ನ ನಾಲಗೆ ಚಡಪಡಿಸಿತು.

“ಒಂದೂರಾಗ ಒಬ್ಬ ಕುರುಬ ಇದ್ದ,” ಎಂದಳು ಕಾಶಮ್ಮ ಕಿಟಕಿಗೆ.

ಶಿವರಾಜಪ್ಪನವರು ಅಭ್ಯಾಸಬಲದಿಂದ ಬಾಯಿ ತೆರೆದರು. ನಾನು ಅವರ ಮೊಣಕಾಲು ಒತ್ತಿ ಹಿಡಿದೆ.

“ಹೂಂ,” ಎಂಬ ದನಿ ಹಿಂದಿನಿಂದ ಬಂತು.

ಕಾಶಮ್ಮನ ಭುಜ ಇಷ್ಟೇ ಇಷ್ಟು ಇಳಿಯಿತು. ಆಮೇಲೆ ಕಥೆ ನಡೆಯಿತು. ನಡೆಯಿತು ಎಂಬ ಶಬ್ದವನ್ನು ನಾನು ವರದಿಗಳಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಕಾರ್ಯಕ್ರಮ ಯಶಸ್ವಿಯಾಗಿ ನಡೆಯಿತು ಎಂದು. ಕಾಲಿದ್ದದ್ದು ನಡೆಯುವುದನ್ನು ಅವತ್ತೇ ಕಂಡದ್ದು. ಮಾಳಮ್ಮನ ಹೂಂ ಒಂದೇ ಬಗೆಯದಲ್ಲ. ಕುರಿಗಳು ಗುಡ್ಡವೇರಿದರೆ ಅದು ಏರುತ್ತಿತ್ತು. ಕುರುಬ ಸುಳ್ಳು ಹೇಳಿದರೆ ನಂಬದವಳಂತೆ ಮೂಗಿನಲ್ಲಿ ಬರುತ್ತಿತ್ತು. ಊರಿನ ಬಾವಿ ಬತ್ತಿ ಹಗ್ಗಕ್ಕೆ ಕಟ್ಟಿದ ಕೊಡ ತಳದ ಕಲ್ಲಿಗೆ ಬಡಿಯಿತು ಎಂದಾಗ ಅದು ಬರೀ ಉಸಿರಾಯಿತು. ಆ ಉಸಿರಿಗೆ ಕಾಯ್ದು ಕಾಶಮ್ಮ ಮುಂದಿನ ಮಾತು ತೆಗೆಯುತ್ತಿದ್ದಳು. ನನ್ನ ಪಕ್ಕದ ಭಾಷಣಕಾರರು ಕೆನ್ನೆಗೆ ಕೈ ಹಚ್ಚಿ ಕುಳಿತುಬಿಟ್ಟಿದ್ದರು.

ಬಾವಿಯ ನೀರೆಲ್ಲ ಏಳು ಗುಡ್ಡದಾಚೆ ಒಬ್ಬ ಮುದುಕಿಯ ಕೊಡದಲ್ಲಿ ಅಡಗಿ ಕುಳಿತಿದೆ ಎಂದು ಊರಿಗೆ ತಿಳಿಯುತ್ತದೆ. ತರುವವರು ಯಾರು? “ಕುರುಬ ಕಾಲು ಮುರ್ಕೊಂಡು ಬಿದ್ದಿದ್ದ. ಊರ ಗಂಡಸರು ಎಲ್ಲಾರೂ ತಲಿ ತೆಳಗ ಹಾಕಿದ್ರು,” ಎಂದಳು ಕಾಶಮ್ಮ.

“ಹೂಂ.”

“ಆಗ ಕುರುಬನ ಮಗ ಎದ್ದು ನಿಂತ.”

ಹೂಂ ಬರಲಿಲ್ಲ. ಕಾಶಮ್ಮ ಕಾಯ್ದಳು. ಕೆಳಗೆ ರಸ್ತೆಯಲ್ಲಿ ಆಟೋ ಒಂದು ಹಾರ್ನು ಬಾರಿಸಿ ಹೋಯಿತು. “ಕುರುಬನ ಮಗ ಎದ್ದು ನಿಂತ,” ಎಂದು ಇನ್ನೊಮ್ಮೆ ಹೇಳಿದಳು. ಬಸವಕಲ್ಯಾಣದ ವೇದಿಕೆ ನನ್ನ ಕಣ್ಣಿಗೆ ಕಟ್ಟಿತು. ಬೆನ್ನಿನ ನೋವು ಎದ್ದು ಕುಳಿತಿತು. ಏನಾದರೂ ಹೇಳಿ ಸಾವರಿಸಬೇಕೆಂದು ಗಂಟಲು ಸರಿಮಾಡಿಕೊಂಡೆ. ಈ ಸಲ ಶಿವರಾಜಪ್ಪನವರು ನನ್ನ ಮೊಣಕಾಲು ಒತ್ತಿದರು.

“ಮಗ ಅಲ್ಲ,” ಎಂದಳು ಮಾಳಮ್ಮ. “ಮಗಳು.”

ಕಾಶಮ್ಮ ಕುಳಿತಲ್ಲಿಯೇ ಇಡೀ ಮೈ ತಿರುಗಿಸಿದಳು. ನೆಗೆಣ್ಣಿಯರು ಒಬ್ಬರನ್ನೊಬ್ಬರು ನೋಡಿದರು. ಇಷ್ಟು ವರ್ಷಗಳಲ್ಲಿ ಅವರ ನಡುವೆ ಬಂದ ಮೊದಲ ಮಾತು ಅದೆಂದು ಆ ಕೋಣೆಯಲ್ಲಿ ಬಲ್ಲವರು ಅವರಿಬ್ಬರು, ಸುನೀತಾ ಮತ್ತು ನಾನು.

“ಹೌದು. ಮಗಳೇ,” ಎಂದಳು ಕಾಶಮ್ಮ. “ನಾ ತಪ್ಪಿ ಅಂದೆ.” ಆಮೇಲೆ ಆಕೆಯ ಕಣ್ಣು ಮಾಳಮ್ಮನನ್ನು ದಾಟಿ ಗೋಡೆಯ ಬಳಿಗೆ ಹೋಯಿತು. “ತಪ್ಪಿ ಅಂದಿದ್ದೆ ನನ್ನವ್ವಾ.”

ಸುನೀತಾ ತಲೆ ಬಗ್ಗಿಸಿ ಗಾದಿಯ ಅಂಚಿನ ದಾರ ಎಳೆಯತೊಡಗಿದಳು. ಬಾಯಿ ತಪ್ಪಿ ಮಗ ಎಂದು ಬಂತೋ, ಬೇಕೆಂದೇ ತಪ್ಪಿದಳೋ, ನನಗೆ ತಿಳಿಯದು. ಏನೂ ಮರೆತಿಲ್ಲವೆಂದು ನನಗೆ ಹೇಳಿದ ಹೆಂಗಸು ಅದು. ಅದೇ ಹೆಂಗಸು ಈಗ ಮಾಳಮ್ಮನಿಗೆ, “ಮುಂದಿಂದು ನನಗ ನೆನಪಿಲ್ಲ. ನೀ ಹೇಳು,” ಎಂದಳು.

“ನನಗ ಹೇಳಾಕ ಬರಂಗಿಲ್ಲಕ್ಕ.”

“ಬರ್ತದ. ನಾ ಅದೀನಲ್ಲ.”

ಮಾಳಮ್ಮ ಮಗಳ ಕಡೆ ನೋಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಕುರುಬನ ಮಗಳು ಎದ್ದು ನಿಂತ್ಳು,” ಎಂದಳು.

“ಹೂಂ,” ಎಂದಳು ಕಾಶಮ್ಮ.

ಮಾಳಮ್ಮನದು ನಿಧಾನದ ದಾರಿ. ಕಾಶಮ್ಮ ನಾಲ್ಕು ಮಾತಿ‌ನಲ್ಲಿ ಮುಗಿಸುವ ಕಡೆ ಆಕೆ ಹುಡುಗಿಯ ಬುತ್ತಿಯಲ್ಲಿ ಎಷ್ಟು ರೊಟ್ಟಿ, ಯಾವ ಚಟ್ನಿ, ಕಟ್ಟಿದ ಬಟ್ಟೆ ಯಾರ ಸೀರೆಯ ತುಂಡು ಎಲ್ಲವನ್ನೂ ಹೇಳಿದಳು. ಗಂಟೆ ಬಾರಿಸುವವರು ಯಾರೂ ಇರಲಿಲ್ಲ. ಐದು ಗಂಟೆಯಾದಾಗ ಹುಡುಗಿ ಮೂರನೆಯ ಗುಡ್ಡದ ಬುಡಕ್ಕೆ ಬಂದಿದ್ದಳು. ಹೊರಗಿನವರಿಗೆ ಬಸ್ಸಿನ ಹೊತ್ತಾಯಿತು. ಮುಂದಿನದನ್ನು ಮತ್ತೊಮ್ಮೆ ಕೇಳೋಣವೆಂದು ಎಲ್ಲರೂ ಒಲ್ಲದ ಮನಸ್ಸಿನಿಂದ ಎದ್ದರು. ವಂದನಾರ್ಪಣೆ ಇರಲಿಲ್ಲ. ಶಿವರಾಜಪ್ಪನವರು ಮೆಟ್ಟಿಲಲ್ಲಿ ನಿಂತು ಇಳಿಯುವವರಿಗೆಲ್ಲ ಸುಮ್ಮನೆ ಕೈ ಮುಗಿದರು.

ಇಬ್ಬರು ಮುದುಕಿಯರನ್ನೂ ಸುನೀತಾಳನ್ನೂ ಬಸ್ ನಿಲ್ದಾಣಕ್ಕೆ ಮುಟ್ಟಿಸಲು ನಾನು ಹೋದೆ. ಘಾಟಬೋರಾಳದ ಬಸ್ಸು ಮೊದಲು ಬಂತು. ಕಂಡಕ್ಟರ್ ಊರ ಹೆಸರು ಕೂಗಿದ. ಕಾಶಮ್ಮ ಕಲ್ಲುಬೆಂಚಿನಿಂದ ಏಳಲಿಲ್ಲ. ಆಕೆಗೆ ಕೇಳಿಸಲಿಲ್ಲವೇನೋ ಎಂದು ನಾನು ಹತ್ತಿರ ಹೋಗಿ ಹೇಳಿದೆ. ಬಸ್ಸು ಹೊರಟಿತು. ಸ್ವಲ್ಪ ಹೊತ್ತಿನ ಮೇಲೆ ನಿರ್ಣಾದ ಬಸ್ಸು ಬಂದಾಗ ಸುನೀತಾ ಆಕೆಯ ಕೈ ಹಿಡಿದು ಎಬ್ಬಿಸಿದಳು. ಮೂವರೂ ಅದಕ್ಕೇ ಹತ್ತಿದರು.

“ಅವ್ವಾರ, ಇದು ನಿಮ್ಮೂರಿಗಿ ಹೋಗಂಗಿಲ್ರಿ,” ಎಂದೆ ಕಿಟಕಿಯ ಕೆಳಗೆ ನಿಂತು.

“ಗೊತ್ತದರಿ,” ಎಂದಳು ಕಾಶಮ್ಮ. “ಹುಡುಗಿ ಇನ್ನಾ ಮೂರನೇ ಗುಡ್ಡದಾಗ ಅದಾಳ ಮಾಸ್ತರ್. ಅಲ್ಲೇ ಬಿಟ್ಟು ಮನಿಗಿ ಹ್ಯಾಂಗ ಹೋಗ್ಲಿ?”

ಬಸ್ಸು ತಿರುವಿನಲ್ಲಿ ನಿಧಾನಿಸಿದಾಗ ಕಿಟಕಿಯೊಳಗೆ ಮಾಳಮ್ಮನ ಕೈ ಏಳುತ್ತ ಇಳಿಯುತ್ತ ಏನನ್ನೋ ಅಳೆದು ತೋರಿಸುತ್ತಿದ್ದುದು ಕಂಡಿತು. ಅದು ಬಹುಶಃ ಮೂರನೆಯ ಗುಡ್ಡದ ಎತ್ತರ. ಪಕ್ಕದಲ್ಲಿ ಕಾಶಮ್ಮನ ತಲೆ ಆ ಕೈ ಇಳಿದಾಗಲೆಲ್ಲ ಹೂಂ ಅನ್ನುವಂತೆ ಒಮ್ಮೆ ಆಡುತ್ತಿತ್ತು.